ನೀತೀಕರಣದ ವಾದಗಳನ್ನು ಓದುವ ಬಗೆ: ಲೂಥರನ್ ಅರಿಕೆಗಳಿಗೆ ಕನ್ನಡ ಓದುಗರ ಮಾರ್ಗದರ್ಶಿ

ಮನುಷ್ಯನು ದೇವರ ಮುಂದೆ ನೀತಿವಂತನೆನಿಸುವುದು ಹೇಗೆಂಬುದೇ ನೀತೀಕರಣದ ಪ್ರಶ್ನೆ. ಇದರ ಬಗ್ಗೆ, ಹದಿನಾರನೆಯ ಶತಮಾನದ ಜರ್ಮನ್ ಸುಧಾರಕ ಮಾರ್ಟಿನ್ ಲೂಥರನ ಹಾದಿ ಹಿಡಿದ ಲೂಥರನ್ ದೈವಶಾಸ್ತ್ರದ ವಾದವೊಂದನ್ನು ಮೊದಲ ಸಲ ಕೈಗೆತ್ತಿಕೊಳ್ಳುವ ಕನ್ನಡ ಓದುಗರು ಎಡವುವುದು ಒಳಗೆ ಹೋದ ಮೇಲಲ್ಲ, ಹೊಸ್ತಿಲಲ್ಲಿಯೇ. ನೀತಿ, ಧರ್ಮಶಾಸ್ತ್ರ, ಸುವಾರ್ತೆ, ನಂಬಿಕೆ ಎಂಬ ನಾಲ್ಕು ಪದಗಳೂ ನಮಗೆ ಮೊದಲೇ ಗೊತ್ತಿರುವುದರಿಂದ, ವಾದಿಸುವವರು ಅವುಗಳನ್ನು ಯಾವ ಅರ್ಥದಲ್ಲಿ ಆಡುತ್ತಿದ್ದಾರೆಂದು ಕೇಳದೆಯೇ ಮುಂದೆ ಸಾಗಿಬಿಡುತ್ತೇವೆ. ಹತ್ತು ಪುಟ ಓದಿದ ಮೇಲೆ, ಒಬ್ಬ ಪಂಡಿತ ಇನ್ನೊಬ್ಬನನ್ನು ಒಂದು ಪ್ರತ್ಯಯಕ್ಕಾಗಿ ಅಷ್ಟು ಕಟುವಾಗಿ ಖಂಡಿಸುವುದೇಕೆಂದು ಬೆರಗಾಗುತ್ತೇವೆ. ಈ ಲೇಖನ ಆ ಹೊಸ್ತಿಲನ್ನು ದಾಟಿಸುವುದಕ್ಕಾಗಿ ಇದೆ. ಯಾವ ಪಕ್ಷ ಸರಿಯೆಂದು ಒಪ್ಪಿಸುವುದು ಇದರ ಉದ್ದೇಶವಲ್ಲ; ಆದರೆ ನನಗೂ ಅಭಿಪ್ರಾಯಗಳಿವೆ, ಅವು ಅಲ್ಲಲ್ಲಿ ಕಾಣಿಸುತ್ತವೆ.

'ಅರಿಕೆನಿಷ್ಠ ಲೂಥರನರು' ಎಂದರೆ ಯಾರೆಂಬುದನ್ನು ಮೊದಲು ಹೇಳಿಬಿಡಬೇಕು. 1580ರ ಜೂನ್ 25ರಂದು ಪ್ರಕಟವಾದ 'ಐಕಮತ್ಯದ ಗ್ರಂಥ'ದಲ್ಲಿ, ಅಂದರೆ ಬುಕ್ ಆಫ್ ಕಾನ್‌ಕಾರ್ಡ್‌ನಲ್ಲಿ ಸೇರಿರುವ ಅರಿಕೆಗಳಿಗೆ, ಎಂದರೆ ಸಭೆ ತನ್ನ ನಂಬಿಕೆಯನ್ನು ಬರೆದಿಟ್ಟ ಹೇಳಿಕೆಗಳಿಗೆ, ಬದ್ಧರಾದವರು ಅವರು. ಆ ಬದ್ಧತೆಯಲ್ಲಿಯೂ ಒಂದು ಸೂಕ್ಷ್ಮವಿದೆ. ಈ ಅರಿಕೆಗಳು ಪವಿತ್ರಗ್ರಂಥಕ್ಕೆ ಒಪ್ಪುವಷ್ಟರ ಮಟ್ಟಿಗೆ ಇವನ್ನು ಒಪ್ಪುತ್ತೇವೆ ಎನ್ನುವುದು ಒಂದು ನಿಲುವು. ಪವಿತ್ರಗ್ರಂಥಕ್ಕೆ ಒಪ್ಪುವುದರಿಂದಲೇ ಇವನ್ನು ಒಪ್ಪುತ್ತೇವೆ ಎನ್ನುವುದು ಇನ್ನೊಂದು. ಲ್ಯಾಟಿನಿನಲ್ಲಿ ಮೊದಲನೆಯದಕ್ಕೆ 'ಕ್ವಾಟೆನಸ್' ಎಂದೂ ಎರಡನೆಯದಕ್ಕೆ 'ಕ್ವಿಯಾ' ಎಂದೂ ಹೆಸರು. ಅರಿಕೆನಿಷ್ಠರು ಎರಡನೆಯ ಗುಂಪಿನವರು. ನಮ್ಮ ಕರಾವಳಿಯ ಓದುಗರು ಇಲ್ಲಿ ಸ್ವಲ್ಪ ಎಚ್ಚರದಿಂದಿರಬೇಕು: 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ನಿನಲ್ಲಿ ವುರ್ಟೆಂಬರ್ಗಿನ ಲೂಥರನ್ ಭಕ್ತಿಪಂಥದವರೂ ಸ್ವಿಟ್ಜರ್‌ಲೆಂಡಿನ ರಿಫಾರ್ಮ್ಡ್ ಸಂಪ್ರದಾಯದವರೂ ಕೂಡಿಯೇ ದುಡಿದರು, ಅದರ ಪರಂಪರೆಯ ಸಭೆಗಳು ಇಂದು ದಕ್ಷಿಣ ಭಾರತ ಸಭೆಯೊಳಗಿವೆ. ಅಲ್ಲಿ ಲೂಥರನ ಹೆಸರು ಪರಿಚಿತವಾಗಿದ್ದರೂ, ಈ ಲೇಖನದಲ್ಲಿ ಬರುವ ಅರಿಕೆನಿಷ್ಠೆ ಅಲ್ಲಿನ ಕಟ್ಟುಪಾಡಲ್ಲ. ಅರಿಕೆನಿಷ್ಠ ಪರಂಪರೆ ನಮ್ಮ ಹತ್ತಿರಕ್ಕೆ ಬಂದದ್ದು ಬೇರೊಂದು ದಾರಿಯಲ್ಲಿ, ಅಮೆರಿಕದ ಲೂಥರನ್ ಸಭಾಸಂಘವಾದ ಮಿಸ್ಸೂರಿ ಸಿನಡ್ ಕಳಿಸಿದ ಮಿಶನರಿಗಳು 1895ರಲ್ಲಿ ಗಡಿಯಾಚೆಯ ಕೃಷ್ಣಗಿರಿಯಲ್ಲಿ ಕೆಲಸ ಆರಂಭಿಸಿದಾಗ.

ಮೊದಲ ಹೆಜ್ಜೆ: ಪದಗಳನ್ನು ತೊಳೆದುಕೊಳ್ಳುವುದು

'ನೀತಿ' ಎಂದೊಡನೆ ಕನ್ನಡಿಗರ ಮನಸ್ಸಿಗೆ ಬರುವುದು ನೀತಿಕಥೆ, ನೀತಿಪಾಠ, ಸನ್ನಡತೆ. ಹಾಗಾಗಿ 'ದೇವರ ನೀತಿ' ಎಂದು ಓದಿದಾಗ ದೇವರು ನಮ್ಮಿಂದ ಅಪೇಕ್ಷಿಸುವ ನಡತೆ, ಇಲ್ಲವೆ ನಡತೆಗೆಟ್ಟವರನ್ನು ದಂಡಿಸುವ ಆತನ ನ್ಯಾಯ ಎಂದು ಅರ್ಥಮಾಡಿಕೊಳ್ಳುತ್ತೇವೆ. ಇದರಲ್ಲಿ ನಾಚಿಕೆಪಡಬೇಕಾದ್ದೇನಿಲ್ಲ, ಮಾರ್ಟಿನ್ ಲೂಥರನೂ ಅಲ್ಲಿಯೇ ನಿಂತಿದ್ದನು. 1545ರಲ್ಲಿ ತನ್ನ ಲ್ಯಾಟಿನ್ ಕೃತಿಗಳಿಗೆ ಬರೆದ ಮುನ್ನುಡಿಯಲ್ಲಿ, ರೋಮಾಪುರದವರಿಗೆ ಬರೆದ ಪತ್ರಿಕೆಯ 1:17ರಲ್ಲಿ ಬರುವ 'ದೇವರ ನೀತಿ' ಎಂಬ ಮಾತನ್ನೇ ತಾನು ದ್ವೇಷಿಸುತ್ತಿದ್ದೆನೆಂದೂ, ಅದು ದೇವರು ದಂಡಿಸುವ ನೀತಿಯಲ್ಲ, ನಂಬಿಕೆಯ ಮೂಲಕ ದೇವರು ಕೊಡುವ ನೀತಿಯೆಂದು ಹೊಳೆದಾಗ ಸ್ವರ್ಗದ ಬಾಗಿಲು ತೆರೆದಂತಾಯಿತೆಂದೂ ಅವನು ನೆನೆಯುತ್ತಾನೆ. ಆದ್ದರಿಂದ ಲೂಥರನ್ ಬರಹವೊಂದರಲ್ಲಿ 'ನೀತಿ' ಕಂಡಲ್ಲೆಲ್ಲ, ಇದು ಮನುಷ್ಯನು ಮಾಡುವ ನೀತಿಯೋ ಮನುಷ್ಯನಿಗೆ ಕೊಡಲ್ಪಡುವ ನೀತಿಯೋ ಎಂದು ಪುಟದ ಅಂಚಿನಲ್ಲಿ ಪೆನ್ಸಿಲಿನಿಂದ ಗುರುತಿಸಿಕೊಳ್ಳಿರಿ. ಒಂದು ವಾರದಲ್ಲಿ ಕಣ್ಣು ತಾನಾಗಿ ಪಳಗುತ್ತದೆ.

ಎರಡನೆಯದು 'ನೀತೀಕರಣ'. ಈ ಪದದ 'ಕರಣ' ಎಂಬ ಬಾಲ ನಮ್ಮನ್ನು ದಾರಿ ತಪ್ಪಿಸುತ್ತದೆ, ಏಕೆಂದರೆ ಶುದ್ಧೀಕರಣದಲ್ಲಿ ಕೊಳಕಾದದ್ದು ಶುದ್ಧವಾಗುವಂತೆ ನೀತೀಕರಣದಲ್ಲಿ ದುಷ್ಟನು ಒಳಗಿಂದ ಒಳ್ಳೆಯವನಾಗುತ್ತಾನೆಂಬ ಭಾವನೆಯನ್ನು ಅದು ಹುಟ್ಟಿಸುತ್ತದೆ. ಕನ್ನಡ ಬೈಬಲಿನ 'ನೀತಿವಂತನೆಂದು ನಿರ್ಣಯಿಸಲ್ಪಡುವುದು' ಎಂಬ ಉದ್ದನೆಯ ಮಾತು ಕಿವಿಗೆ ಭಾರವಾದರೂ, ಈ ವಿಷಯದಲ್ಲಿ ಅದು ಹೆಚ್ಚು ಪ್ರಾಮಾಣಿಕ. ನ್ಯಾಯಾಧೀಶನ ತೀರ್ಪಿನ ಚಿತ್ರ ಅದರಲ್ಲಿ ಉಳಿದಿದೆ. ಹದಿನಾರನೆಯ ಶತಮಾನದ ಇಡೀ ಜಗಳವನ್ನು ಕನ್ನಡದ ಎರಡು ಪ್ರತ್ಯಯಗಳಿಗೆ ಇಳಿಸಬಹುದು ಎಂದರೆ ಅತಿಶಯೋಕ್ತಿಯಾಗದು: ದೇವರು ಪಾಪಿಯನ್ನು ನೀತಿವಂತ'ನೆಂದು' ನಿರ್ಣಯಿಸುತ್ತಾನೋ, ನೀತಿವಂತ'ನನ್ನಾಗಿ' ಮಾಡುತ್ತಾನೋ? ಇಲ್ಲೊಂದು ಎಚ್ಚರಿಕೆಯೂ ಬೇಕು. ಲೂಥರನ್ ಅರಿಕೆಗಳೆಲ್ಲವೂ ಮೊದಲಿನಿಂದಲೂ 'ನೆಂದು' ಪಕ್ಷದಲ್ಲಿಯೇ ಮಾತಾಡುತ್ತವೆಂದು ಭಾವಿಸಬೇಡಿರಿ. ಲೂಥರನ ಸಹೋದ್ಯೋಗಿ ಫಿಲಿಪ್ ಮೆಲಾಂಕ್ತನ್ ಆಗ್ಸ್‌ಬರ್ಗ್ ಅರಿಕೆಯ ಪರವಾಗಿ 1531ರಲ್ಲಿ ಬರೆದ 'ಸಮರ್ಥನೆ'ಯ ನಾಲ್ಕನೆಯ ಪ್ರಕರಣದಲ್ಲಿ, ಪವಿತ್ರಗ್ರಂಥವು ಈ ಪದವನ್ನು ಎರಡೂ ಬಗೆಯಲ್ಲಿ ಬಳಸುತ್ತದೆಂದು ಅವನೇ ಹೇಳುತ್ತಾನೆ. ಪದವನ್ನು 'ಪಾಪದಿಂದ ಬಿಡುಗಡೆಯ ತೀರ್ಪು' ಎಂಬ ಒಂದೇ ಅರ್ಥಕ್ಕೆ ಬಿಗಿದು ಕಟ್ಟಿದ್ದು, ಲೂಥರನರೊಳಗಿನ ಜಗಳಗಳನ್ನು ತೀರಿಸಲು ಬರೆದ 1577ರ 'ಐಕಮತ್ಯ ಸೂತ್ರ'ದ ಮೂರನೆಯ ಪ್ರಕರಣ.

'ನಂಬಿಕೆ'ಯ ವಿಷಯದಲ್ಲಿ ಮಾತ್ರ ನಮ್ಮ ಭಾಷೆ ನಮಗೆ ನೆರವಾಗುತ್ತದೆ. 'ದೇವರಿದ್ದಾನೆಂದು ನಂಬುವುದು' ಬೇರೆ, 'ದೇವರನ್ನು ನಂಬುವುದು' ಬೇರೆ. ಊರಿನಲ್ಲಿ ಒಂದು ಸಹಕಾರಿ ಸಂಘವಿದೆಯೆಂದು ನಂಬುವವರೆಲ್ಲ ಅದನ್ನು ನಂಬಿ ಹಣ ಇಡುವುದಿಲ್ಲ. ಮೆಲಾಂಕ್ತನ್ ಪುಟಗಟ್ಟಲೆ ವಾದಿಸುವುದು ಈ ವ್ಯತ್ಯಾಸವನ್ನೇ: ನೀತೀಕರಿಸುವ ನಂಬಿಕೆ ಕೇವಲ ಚರಿತ್ರೆಯ ತಿಳಿವಲ್ಲ, ವಾಗ್ದಾನದ ಮೇಲೆ ಭಾರ ಹಾಕುವುದು. ಹಾಗೆಯೇ 'ಮಾತ್ರ' ಎಂಬ ಪದದ ಕತೆ. ಲೂಥರನು ರೋಮಾಪುರದವರಿಗೆ 3:28ನ್ನು ಜರ್ಮನ್ನಿಗೆ ತರುವಾಗ ಗ್ರೀಕ್ ಮೂಲದಲ್ಲಿಲ್ಲದ 'ಮಾತ್ರ' ಎಂಬುದನ್ನು ಸೇರಿಸಿದನೆಂದು ವಿರೋಧಿಗಳು ಆಕ್ಷೇಪಿಸಿದರು. 1530ರಲ್ಲಿ ಅನುವಾದದ ಬಗ್ಗೆ ಬರೆದ ಬಹಿರಂಗ ಪತ್ರದಲ್ಲಿ ಅವನು ಕೊಟ್ಟ ಉತ್ತರ ವ್ಯಾಕರಣದ್ದು: ಒಂದನ್ನು ಒಪ್ಪಿ ಇನ್ನೊಂದನ್ನು ನಿರಾಕರಿಸುವಾಗ, ರೈತನು ಧಾನ್ಯವನ್ನು ಮಾತ್ರ ತರುತ್ತಾನೆ, ಹಣವನ್ನಲ್ಲ ಎಂಬಂತೆ, ಜರ್ಮನ್ ಭಾಷೆ 'ಮಾತ್ರ'ವನ್ನು ಬೇಡುತ್ತದೆ. ಕನ್ನಡದಲ್ಲಿ 'ನಂಬಿಕೆಯಿಂದಲೇ' ಎಂದು ಒಂದು ಏಕಾರ ಸೇರಿಸಿದರೆ ಆ ಕೆಲಸ ಮುಗಿಯುತ್ತದೆ. ಲೂಥರನಿಗೆ ಒಂದಿಡೀ ಪತ್ರ ಬೇಕಾಯಿತು.

'ಧರ್ಮಶಾಸ್ತ್ರ'ವನ್ನು ನಾಲ್ಕನೆಯ ಹೆಜ್ಜೆಗೆ ಬಿಡುತ್ತೇನೆ. ಅದು ಒಂದು ಪುಸ್ತಕದ ಹೆಸರಲ್ಲ ಎಂಬುದನ್ನಷ್ಟೇ ಈಗ ನೆನಪಿಡಬೇಕು.

ಎರಡನೆಯ ಹೆಜ್ಜೆ: ಯಾವುದನ್ನು ಯಾವ ಕ್ರಮದಲ್ಲಿ ಓದಬೇಕು

ಐಕಮತ್ಯದ ಗ್ರಂಥವನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದಹೊರಟವರು ಸಾಮಾನ್ಯವಾಗಿ ಅರ್ಧಕ್ಕೇ ನಿಲ್ಲಿಸುತ್ತಾರೆ. ನನ್ನ ಸಲಹೆ ಬೇರೆ. 1529ರ ಲೂಥರನ ಚಿಕ್ಕ ಕೆಟೆಕಿಸಂನಲ್ಲಿ, ಅಂದರೆ ನಂಬಿಕೆಯ ಪ್ರಶ್ನೋತ್ತರ ಪಾಠದಲ್ಲಿ, ವಿಶ್ವಾಸಪ್ರಮಾಣದ ಎರಡನೆಯ ಮತ್ತು ಮೂರನೆಯ ಭಾಗಗಳ ವಿವರಣೆಯನ್ನು ಮೊದಲು ಓದಿರಿ. ಎರಡೂ ಸೇರಿ ಒಂದು ಪುಟವಾಗುವುದಿಲ್ಲ. ಅದಾದ ಮೇಲೆ 1530ರ ಆಗ್ಸ್‌ಬರ್ಗ್ ಅರಿಕೆಯ 4, 5, 6, 12 ಮತ್ತು 20ನೆಯ ಪ್ರಕರಣಗಳು. ಬಳಿಕ ಲೂಥರನ ಶ್ಮಾಲ್ಕಾಲ್ಡ್ ಪ್ರಕರಣಗಳ ಎರಡನೆಯ ಭಾಗದ ಮೊದಲ ಪ್ರಕರಣ; ಭೂಮ್ಯಾಕಾಶಗಳು ಬಿದ್ದುಹೋದರೂ ಇದರಲ್ಲಿ ಏನನ್ನೂ ಬಿಟ್ಟುಕೊಡಲಾಗದು ಎಂದು ಅವನು ಹೇಳಿದ ಮಾತು ಅಲ್ಲಿದೆ. ಆಮೇಲೆ ಮೆಲಾಂಕ್ತನನ ಸಮರ್ಥನೆಯ ನಾಲ್ಕನೆಯ ಪ್ರಕರಣ. ಇದು ಉದ್ದವಾದದ್ದು, ಅಲ್ಲಲ್ಲಿ ಹೇಳಿದ್ದನ್ನೇ ಹೇಳುವಂಥದ್ದು. ಆತುರಪಡದೆ ಮೂರು ವಾರ ತೆಗೆದುಕೊಳ್ಳಿರಿ. ಕೊನೆಗೆ ಐಕಮತ್ಯ ಸೂತ್ರದ 3ರಿಂದ 6ರವರೆಗಿನ ಪ್ರಕರಣಗಳು: ಮೊದಲು ಸಂಕ್ಷೇಪ ರೂಪ, ನಂತರ ವಿಸ್ತಾರ ರೂಪ.

ಆವೃತ್ತಿಯ ವಿಷಯದಲ್ಲಿ ಒಂದು ಮಾತು. ಆಗ್ಸ್‌ಬರ್ಗ್ ಅರಿಕೆಯನ್ನು ಮೆಲಾಂಕ್ತನ್ 1540ರಲ್ಲಿ ತಿದ್ದಿ ಪ್ರಕಟಿಸಿದನು. ಅರಿಕೆನಿಷ್ಠರು ಬದ್ಧರಾಗಿರುವುದು ಆ ತಿದ್ದಿದ ಪಾಠಕ್ಕಲ್ಲ, 1530ರ ಜೂನ್ 25ರಂದು ಚಕ್ರವರ್ತಿ ಐದನೆಯ ಚಾರ್ಲ್ಸ್‌ನ ಮುಂದೆ ಓದಿದ ಪಾಠಕ್ಕೆ. 1921ರಲ್ಲಿ ಅಮೆರಿಕದಲ್ಲಿ ಅಚ್ಚಾದ, ಜರ್ಮನ್, ಲ್ಯಾಟಿನ್, ಇಂಗ್ಲಿಷ್ ಪಾಠಗಳನ್ನು ಅಕ್ಕಪಕ್ಕದಲ್ಲಿಟ್ಟ 'ಟ್ರಿಗ್ಲಾಟ' ಆವೃತ್ತಿ ಹಳೆಯದಾದರೂ ಹೋಲಿಕೆಗೆ ಇಂದಿಗೂ ಅನುಕೂಲವಾಗಿದೆ.

ಮೂರನೆಯ ಹೆಜ್ಜೆ: ನಾಲ್ಕು, ಐದು, ಆರು ಒಟ್ಟಿಗೆ

ನಾಲ್ಕನೆಯ ಪ್ರಕರಣವನ್ನು ಒಂಟಿಯಾಗಿ ಓದಬೇಡಿರಿ. ಅದು ಹೇಳುವುದಿಷ್ಟು: ಮನುಷ್ಯರು ತಮ್ಮ ಶಕ್ತಿ, ಯೋಗ್ಯತೆ, ಕೃತ್ಯಗಳಿಂದ ದೇವರ ಮುಂದೆ ನೀತಿವಂತರೆನಿಸಲಾರರು, ಕ್ರಿಸ್ತನ ನಿಮಿತ್ತ ತಾವು ಕೃಪೆಗೆ ಸೇರಿಸಲ್ಪಟ್ಟೆವೆಂದೂ, ತಮ್ಮ ಪಾಪಗಳಿಗೆ ತನ್ನ ಮರಣದಿಂದ ಈಡು ಕೊಟ್ಟ ಕ್ರಿಸ್ತನ ದೆಸೆಯಿಂದ ಅವು ಕ್ಷಮಿಸಲ್ಪಟ್ಟವೆಂದೂ ನಂಬುವಾಗ, ನಂಬಿಕೆಯ ಮೂಲಕ ಉಚಿತವಾಗಿ ನೀತಿವಂತರೆನಿಸುತ್ತಾರೆ. ಇದನ್ನು ಓದಿದವನಿಗೆ ತಕ್ಷಣ ಹುಟ್ಟುವ ಪ್ರಶ್ನೆ, ಹಾಗಾದರೆ ಈ ನಂಬಿಕೆಯನ್ನು ನಾನು ಎಲ್ಲಿಂದ ತರಲಿ ಎಂಬುದು. ಐದನೆಯ ಪ್ರಕರಣ ಅದಕ್ಕೆ ಉತ್ತರ: ನಂಬಿಕೆಯನ್ನು ನೀನು ತರುವುದಲ್ಲ, ಸುವಾರ್ತೆಯ ಬೋಧನೆಯ ಮೂಲಕವೂ ದೀಕ್ಷಾಸ್ನಾನ, ಪ್ರಭುಭೋಜನಗಳಂಥ ಸಂಸ್ಕಾರಗಳ ಮೂಲಕವೂ ಪವಿತ್ರಾತ್ಮನು ತನಗೆ ಮೆಚ್ಚಿಕೆಯಾದಲ್ಲಿ, ಮೆಚ್ಚಿಕೆಯಾದಾಗ ಅದನ್ನು ಹುಟ್ಟಿಸುತ್ತಾನೆ. ಮುಂದಿನ ಪ್ರಶ್ನೆ, ಹಾಗಾದರೆ ಸತ್ಕಾರ್ಯಗಳು ಬೇಡವೇ? ಆರನೆಯದು ಉತ್ತರಿಸುತ್ತದೆ: ಈ ನಂಬಿಕೆ ಒಳ್ಳೆಯ ಫಲ ಕೊಡಲೇಬೇಕು, ಆದರೆ ಆ ಫಲದ ಮೇಲೆ ಭರವಸೆಯಿಡಬಾರದು. ಆ ಪ್ರಕರಣ ತನ್ನ ಬೆಂಬಲಕ್ಕೆ ಸಂತ ಅಂಬ್ರೋಸನ ಹೆಸರಿನಲ್ಲಿ ಒಂದು ಉಲ್ಲೇಖವನ್ನು ಕೊಡುತ್ತದೆ. ಅದು ನಿಜವಾಗಿ ಅಂಬ್ರೋಸನದಲ್ಲ, ಅವನ ಹೆಸರಿನಲ್ಲಿ ಬಹುಕಾಲ ಚಲಾವಣೆಯಲ್ಲಿದ್ದ ಅಜ್ಞಾತ ವ್ಯಾಖ್ಯಾನಕಾರನೊಬ್ಬನದು. ಅರಿಕೆನಿಷ್ಠರು ಈ ಸಂಗತಿಯನ್ನು ಒಪ್ಪುತ್ತಾರೆ. ಬದ್ಧತೆ ಸಿದ್ಧಾಂತಕ್ಕೇ ಹೊರತು ಅಡಿಟಿಪ್ಪಣಿಗಲ್ಲ.

ಓದುವಾಗ ಇಟ್ಟುಕೊಳ್ಳಬೇಕಾದ ಅಳತೆಗೋಲನ್ನು ಮೆಲಾಂಕ್ತನನೇ ಸಮರ್ಥನೆಯಲ್ಲಿ ಮತ್ತೆಮತ್ತೆ ಕೊಡುತ್ತಾನೆ. ಯಾವುದೇ ಬೋಧನೆಯ ಮುಂದೆ ಅವನು ಎರಡು ಪ್ರಶ್ನೆಗಳನ್ನಿಡುತ್ತಾನೆ: ಇದರಿಂದ ಕ್ರಿಸ್ತನ ಗೌರವ ಉಳಿಯುತ್ತದೆಯೋ ಕುಂದುತ್ತದೆಯೋ? ಹೆದರಿ ನಡುಗುವ ಮನಸ್ಸಾಕ್ಷಿಗೆ ಇದು ಕಾಲೂರಲು ನೆಲ ಕೊಡುತ್ತದೆಯೋ ಇಲ್ಲವೋ? ನನ್ನ ಮಟ್ಟಿಗೆ, ಮುಂದೆ ಬರುವ ಎಲ್ಲ ವಿವಾದಗಳಿಗೂ ಎರಡನೆಯ ಪ್ರಶ್ನೆಯೇ ಕೀಲಿಕೈ. ಇದನ್ನು ಮರೆತು ಓದಿದರೆ ಈ ವಾದಗಳು ವ್ಯರ್ಥ ತರ್ಕದಂತೆ ಕಾಣುತ್ತವೆ. ಸಾವಿನ ಮುಂದೆ ಮಲಗಿರುವ ಒಬ್ಬ ಮನುಷ್ಯನನ್ನು ಕಣ್ಣ ಮುಂದಿಟ್ಟುಕೊಂಡು ಓದಿದರೆ ಒಂದೊಂದು ಪ್ರತ್ಯಯವೂ ತೂಕಕ್ಕೆ ಬರುತ್ತದೆ.

ನಾಲ್ಕನೆಯ ಹೆಜ್ಜೆ: ಒಂದು ವಾಕ್ಯ ಧರ್ಮಶಾಸ್ತ್ರವೋ ಸುವಾರ್ತೆಯೋ ಎಂದು ಗುರುತಿಸುವುದು

ಇಡೀ ಅಭ್ಯಾಸದಲ್ಲಿ ಹೆಚ್ಚು ಸಮಯ ಬೇಡುವ ಭಾಗವಿದು. ಹೊಸಬರು ಮಾಡುವ ಮೊದಲ ತಪ್ಪೆಂದರೆ ಹಳೆಯ ಒಡಂಬಡಿಕೆಯೇ ಧರ್ಮಶಾಸ್ತ್ರ, ಹೊಸ ಒಡಂಬಡಿಕೆಯೇ ಸುವಾರ್ತೆ ಎಂದು ಬೈಬಲನ್ನು ಮಧ್ಯದಲ್ಲಿ ಕತ್ತರಿಸುವುದು. ಲೂಥರನ್ ಅರಿಕೆಗಳಲ್ಲಿ ಇವು ಎರಡು ಪುಸ್ತಕಗಳಲ್ಲ, ದೇವರ ವಾಕ್ಯ ಮನುಷ್ಯನ ಮೇಲೆ ಮಾಡುವ ಎರಡು ಕೆಲಸಗಳು. ಮಾಡಬೇಕಾದ್ದನ್ನು ವಿಧಿಸಿ, ಮಾಡದಿರುವುದನ್ನು ಬಯಲಿಗೆಳೆದು, ಶಿಕ್ಷೆಯನ್ನು ಮುಂದಿಡುವುದೆಲ್ಲ ಧರ್ಮಶಾಸ್ತ್ರ. ಕ್ರಿಸ್ತನು ಮಾಡಿದ್ದನ್ನು ತಿಳಿಸಿ, ಅದನ್ನು ಬೆಲೆಯಿಲ್ಲದೆ ಕೊಡುವುದು ಸುವಾರ್ತೆ. ಈ ಎರಡೂ ಎರಡೂ ಒಡಂಬಡಿಕೆಗಳಲ್ಲಿವೆ.

ಅಭ್ಯಾಸಕ್ಕೆ ಬೈಬಲಿನ ಎರಡನೆಯ ಸಮುವೇಲನ 12ನೆಯ ಅಧ್ಯಾಯಕ್ಕಿಂತ ಒಳ್ಳೆಯ ಪಾಠವನ್ನು ನಾನು ಕಂಡಿಲ್ಲ. ಸಮರ್ಥನೆಯ 12ನೆಯ ಪ್ರಕರಣವೂ ಇದನ್ನೇ ಉದಾಹರಿಸುತ್ತದೆ. ಬಡವನ ಒಂದೇ ಕುರಿಯನ್ನು ಕಸಿದುಕೊಂಡ ಧನಿಕನ ಕತೆಯನ್ನು ಪ್ರವಾದಿ ನಾತಾನನು ಹೇಳುತ್ತಾನೆ, ಇನ್ನೊಬ್ಬನ ಹೆಂಡತಿಯನ್ನು ತನ್ನವಳನ್ನಾಗಿ ಮಾಡಿಕೊಂಡಿದ್ದ ಅರಸ ದಾವೀದನು ಕೆರಳಿ ಆ ಧನಿಕನಿಗೆ ಮರಣದಂಡನೆಯಾಗಬೇಕೆನ್ನುತ್ತಾನೆ, ಆಗ ನಾತಾನನು 'ಆ ಮನುಷ್ಯನು ನೀನೇ' ಎನ್ನುತ್ತಾನೆ. ಅಲ್ಲಿಯವರೆಗೆ ಕತೆಯಾಗಿದ್ದುದು ಆ ಒಂದು ಮಾತಿನಿಂದ ಧರ್ಮಶಾಸ್ತ್ರವಾಗುತ್ತದೆ. ದಾವೀದನು ತಾನು ಪಾಪ ಮಾಡಿದೆನೆಂದು ಒಪ್ಪಿದೊಡನೆ ನಾತಾನನು ಷರತ್ತು ಹಾಕುವುದಿಲ್ಲ, ಕಾಲಾವಧಿ ಕೊಡುವುದಿಲ್ಲ. ಯೆಹೋವನು ನಿನ್ನ ಪಾಪವನ್ನು ತೆಗೆದುಹಾಕಿದ್ದಾನೆ, ನೀನು ಸಾಯುವುದಿಲ್ಲ ಎಂದುಬಿಡುತ್ತಾನೆ. ಅದು ಸುವಾರ್ತೆ. ದಾವೀದನ ಒಪ್ಪಿಗೆಗೂ ಈ ಮಾತಿಗೂ ನಡುವೆ ಒಂದು ವಚನದಷ್ಟೂ ಅಂತರವಿಲ್ಲ, ಆದರೂ ಧರ್ಮಶಾಸ್ತ್ರವನ್ನು ಸುವಾರ್ತೆಯೊಳಗೆ ಕಲಸಿಲ್ಲ. ನಾತಾನನು 'ನೀನು ಸಾಕಷ್ಟು ಅತ್ತರೆ ಯೆಹೋವನು ಕ್ಷಮಿಸಿಯಾನು' ಎಂದಿದ್ದರೆ ಏನಾಗುತ್ತಿತ್ತೆಂದು ಯೋಚಿಸಿ ನೋಡಿರಿ. ಮಾತು ಸಾಂತ್ವನದಂತೆ ಕೇಳಿಸುತ್ತಿತ್ತು, ಆದರೆ ದಾವೀದನ ಭಾರ ಅವನ ಕಣ್ಣೀರಿನ ಮೇಲೆಯೇ ಉಳಿಯುತ್ತಿತ್ತು.

ಮುಂದಿನದು ಸ್ವಲ್ಪ ಕಠಿಣವಾದ ಪಾಠ. ಕ್ರಿಸ್ತನ ಶಿಲುಬೆಯ ಕುರಿತ ಪ್ರಸಂಗ ಯಾವಾಗಲೂ ಸುವಾರ್ತೆಯೇ? ಅಲ್ಲ ಎನ್ನುತ್ತದೆ ಐಕಮತ್ಯ ಸೂತ್ರದ ಐದನೆಯ ಪ್ರಕರಣ. ಪಾಪಕ್ಕೆ ದೇವರ ಕೋಪ ಎಷ್ಟು ಭಯಂಕರವೆಂದು ತೋರಿಸಲು ಶಿಲುಬೆಯನ್ನು ಮುಂದಿಡುವವರೆಗೆ, ಅದು ಇನ್ನೂ ಮೋಶೆಯ ಮಾತೇ, ಧರ್ಮಶಾಸ್ತ್ರವೇ. ಆ ಮರಣ ನಿನಗಾಗಿ ಎಂದು ಕೊಟ್ಟಾಗ ಮಾತ್ರ ಸುವಾರ್ತೆ. ಅದೇ ಪ್ರಕರಣ 'ಸುವಾರ್ತೆ' ಎಂಬ ಪದಕ್ಕೂ ಎರಡು ಅರ್ಥಗಳನ್ನು ಬಿಡಿಸಿಡುತ್ತದೆ: ಕ್ರಿಸ್ತನ ಇಡೀ ಬೋಧನೆ ಎಂಬ ಅಗಲವಾದ ಅರ್ಥ, ಪಾಪಕ್ಷಮೆಯ ವಾಗ್ದಾನ ಎಂಬ ಬಿಗಿಯಾದ ಅರ್ಥ. ಮೆಲಾಂಕ್ತನನ ಕೆಲವು ಶಿಷ್ಯರು ಬಿಗಿಯಾದ ಅರ್ಥದಲ್ಲಿಯೂ ಸುವಾರ್ತೆ ಅಪನಂಬಿಕೆಯ ಪಾಪವನ್ನು ಖಂಡಿಸುತ್ತದೆ ಎಂದಿದ್ದರು. ಪಾಪವನ್ನು ಖಂಡಿಸುವುದೆಲ್ಲ ಧರ್ಮಶಾಸ್ತ್ರಕ್ಕೇ ಸೇರಿದ್ದೆಂದು ಸೂತ್ರ ತೀರ್ಮಾನಿಸಿತು. ಅರ್ಧದಷ್ಟು ಜಗಳಗಳು ಒಬ್ಬರು ಅಗಲವಾದ ಅರ್ಥದಲ್ಲಿ, ಇನ್ನೊಬ್ಬರು ಬಿಗಿಯಾದ ಅರ್ಥದಲ್ಲಿ ಮಾತಾಡುವುದರಿಂದ ಹುಟ್ಟುತ್ತವೆ. ಆದ್ದರಿಂದ ವಾದವೊಂದನ್ನು ಓದುವಾಗ ಈ ಪದ ಎದುರಾದೊಡನೆ ಎರಡರಲ್ಲಿ ಯಾವುದೆಂದು ಅಲ್ಲಿಯೇ ಗೊತ್ತುಮಾಡಿಕೊಳ್ಳಿರಿ.

ನಂಬಿಕೆಯೂ ಧರ್ಮಶಾಸ್ತ್ರವಾಗಬಲ್ಲದು, ಇದನ್ನು ಗಮನಿಸದವರೇ ಹೆಚ್ಚು. 'ನೀನು ನಂಬಲೇಬೇಕು, ಗಟ್ಟಿಯಾಗಿ ನಂಬು, ನಿನ್ನ ನಂಬಿಕೆ ಸಾಲದು' ಎಂದು ಒಬ್ಬ ಪ್ರಸಂಗಿ ಒತ್ತಾಯಿಸುತ್ತಾ ಹೋದರೆ, ಕೇಳುವವನು ಕ್ರಿಸ್ತನನ್ನು ಬಿಟ್ಟು ತನ್ನ ನಂಬಿಕೆಯ ಗಟ್ಟಿತನವನ್ನು ಅಳೆಯತೊಡಗುತ್ತಾನೆ. ಮಿಸ್ಸೂರಿ ಸಿನಡ್‌ನ ಮೊದಲ ಅಧ್ಯಕ್ಷನಾಗಿದ್ದ ಸಿ.ಎಫ್.ಡಬ್ಲ್ಯು. ವಾಲ್ಥರ್, ಸೇಂಟ್ ಲೂಯಿಯ ಸೆಮಿನರಿಯಲ್ಲಿ 1884–85ರಲ್ಲಿ ಧರ್ಮಶಾಸ್ತ್ರ ಮತ್ತು ಸುವಾರ್ತೆಗಳ ಸರಿಯಾದ ವಿಂಗಡಣೆಯ ಬಗ್ಗೆ 25 ಸೂತ್ರಗಳನ್ನಿಟ್ಟು ಉಪನ್ಯಾಸ ಕೊಟ್ಟಾಗ, ಇದನ್ನೂ ಇದರ ನೆರೆಯ ತಪ್ಪನ್ನೂ ಎತ್ತಿಹೇಳಿದನು. ಆ ನೆರೆಯ ತಪ್ಪೆಂದರೆ, ಧರ್ಮಶಾಸ್ತ್ರದ ಏಟು ತಿಂದವನನ್ನು ವಾಕ್ಯ ಮತ್ತು ಸಂಸ್ಕಾರಗಳ ಕಡೆಗೆ ತಿರುಗಿಸದೆ, ಒಳಗೆ ಸಮಾಧಾನದ ಅನುಭವವಾಗುವವರೆಗೆ ಪ್ರಾರ್ಥಿಸಿ ಹೋರಾಡೆಂದು ಅಟ್ಟುವುದು. ಮಿಶನ್ ಕೂಟಗಳ ಪರಂಪರೆಯಲ್ಲಿ ಬೆಳೆದ ನಮ್ಮ ಓದುಗರಲ್ಲಿ ಕೆಲವರಿಗೆ ಈ ಸೂತ್ರ ಕಸಿವಿಸಿ ಉಂಟುಮಾಡೀತು. ಉಂಟುಮಾಡಲಿ, ಅದನ್ನು ತಳ್ಳಿಹಾಕುವ ಮೊದಲು ವಾಲ್ಥರನ ವಾದವನ್ನು ಪೂರ್ತಿ ಓದಿರಿ.

ಐದನೆಯ ಹೆಜ್ಜೆ: ಹಳೆಯ ಮೂರು ಜಗಳಗಳನ್ನು ಅವುಗಳ ಜಾಗದಲ್ಲಿಡುವುದು

ಇಂದಿನ ವಾದಗಳಲ್ಲಿ ಹೆಚ್ಚಿನವು ಹಳೆಯ ಜಗಳಗಳ ಮರುಹುಟ್ಟು. ಲೂಥರನು ಬದುಕಿದ್ದಾಗಲೇ ಅವನ ಹಳೆಯ ಗೆಳೆಯ ಯೋಹಾನ್ ಅಗ್ರಿಕೋಲ, ಪಶ್ಚಾತ್ತಾಪ ಹುಟ್ಟಬೇಕಾದ್ದು ಸುವಾರ್ತೆಯಿಂದಲೇ, ಕ್ರೈಸ್ತರಿಗೆ ಧರ್ಮಶಾಸ್ತ್ರವನ್ನು ಬೋಧಿಸಬೇಕಾಗಿಲ್ಲ ಎಂದನು. 1537ರಿಂದ ಲೂಥರನು ಇದರ ವಿರುದ್ಧ ಸಾಲು ವಾಗ್ವಾದಗಳನ್ನು ನಡೆಸಿದನು. 1540ರಲ್ಲಿ ಅಗ್ರಿಕೋಲ ವಿಟ್ಟನ್‌ಬರ್ಗ್ ಬಿಟ್ಟು ಬರ್ಲಿನ್ನಿಗೆ ಹೋದನು. ಧರ್ಮಶಾಸ್ತ್ರವನ್ನು ತೆಗೆದುಹಾಕಿದರೆ ಸುವಾರ್ತೆಯೇ ಹೊಸ ಧರ್ಮಶಾಸ್ತ್ರವಾಗಿ ಕುಳಿತುಕೊಳ್ಳುತ್ತದೆ ಎಂಬುದು ಈ ಜಗಳದಿಂದ ನಾವು ಹಿಡಿಯಬೇಕಾದ ಎಳೆ.

ಎರಡನೆಯವನು ಆಂಡ್ರಿಯಾಸ್ ಒಸಿಯಾಂಡರ್. ಕೋನಿಗ್ಸ್‌ಬರ್ಗಿನಲ್ಲಿದ್ದ ಅವನು, ನಮ್ಮೊಳಗೆ ವಾಸಿಸುವ ಕ್ರಿಸ್ತನ ದೈವಸ್ವಭಾವದ ನೀತಿಯೇ ನಮ್ಮ ನೀತಿಯೆಂದು ಬೋಧಿಸಿದನು. ಕೇಳಲು ಇದು ಭಕ್ತಿಪೂರ್ಣವಾಗಿದೆ. ಬೇರೆ ವಿಷಯಗಳಲ್ಲಿ ಒಬ್ಬರ ಮುಖ ಒಬ್ಬರು ನೋಡದ ಮೆಲಾಂಕ್ತನನ ಶಿಷ್ಯರೂ ಅವರ ಎದುರಾಳಿಗಳೂ ಇದನ್ನು ಒಟ್ಟಾಗಿ ಖಂಡಿಸಿದ್ದೇಕೆ? ನಮ್ಮ ಅಳತೆಗೋಲನ್ನು ಇಟ್ಟು ನೋಡಿದರೆ ತಿಳಿಯುತ್ತದೆ: ನನ್ನೊಳಗೆ ಇರುವುದರ ಮೇಲೆ ಭಾರ ಹಾಕಬೇಕಾದರೆ ನಾನು ಒಳಗೆ ನೋಡಿಕೊಳ್ಳಬೇಕಾಗುತ್ತದೆ, ಒಳಗೆ ನೋಡಿಕೊಂಡ ಹೆದರಿದ ಮನುಷ್ಯನಿಗೆ ಕಾಣುವುದು ಪಾಪವೇ. ಕ್ರಿಸ್ತನು ಎರಡೂ ಸ್ವಭಾವಗಳಿಂದ ಕೂಡಿ ಸಲ್ಲಿಸಿದ ವಿಧೇಯತೆ ನಮಗೆ ಎಣಿಸಲ್ಪಡುತ್ತದೆ, ಆತನ ವಾಸ ಆಮೇಲಿನದು ಎಂದು ಸೂತ್ರದ ಮೂರನೆಯ ಪ್ರಕರಣ ಕ್ರಮ ನಿಗದಿ ಮಾಡಿತು. ಫಿನ್ಲೆಂಡಿನ ತುವೋಮೊ ಮನ್ನೆರ್ಮ ಮತ್ತು ಅವನ ಶಿಷ್ಯರು ಕಳೆದ ಶತಮಾನದಲ್ಲಿ, ಲೂಥರನ ಬರಹಗಳಲ್ಲಿ ನಂಬಿಕೆಯಲ್ಲಿಯೇ ಕ್ರಿಸ್ತನು ಇರುವನೆಂಬ ಮಾತನ್ನು ಎತ್ತಿಹಿಡಿದು ಈ ಕ್ರಮವನ್ನು ಮತ್ತೆ ಚರ್ಚೆಗೆ ತಂದಾಗ, ಅರಿಕೆನಿಷ್ಠ ವಿಮರ್ಶಕರು ಒಸಿಯಾಂಡರನ ನೆರಳನ್ನು ಅಲ್ಲಿ ಕಂಡದ್ದು ಸಹಜವೇ ಆಗಿತ್ತು.

ಮೂರನೆಯದರಲ್ಲಿ ಸ್ವಲ್ಪ ಹಾಸ್ಯವೂ ಇದೆ. ಗೇಯಾರ್ಗ್ ಮಾಯೊರ್ ಎಂಬವನು ರಕ್ಷಣೆಗೆ ಸತ್ಕಾರ್ಯಗಳು ಅವಶ್ಯವೆಂದನು. ಲೂಥರನ ಆಪ್ತನಾಗಿದ್ದ ನಿಕೋಲಸ್ ಫಾನ್ ಆಮ್ಸ್‌ಡಾರ್ಫ್ ಸಿಟ್ಟಿನಿಂದ, ರಕ್ಷಣೆಗೆ ಸತ್ಕಾರ್ಯಗಳು ಹಾನಿಕರವೆಂದೇ 1559ರಲ್ಲಿ ಬರೆದುಬಿಟ್ಟನು. ಸತ್ಕಾರ್ಯಗಳ ಮೇಲೆ ಭರವಸೆಯಿಡುವುದು ಹಾನಿಕರ ಎಂಬುದು ಅವನ ಮನಸ್ಸಿನಲ್ಲಿದ್ದ ಅರ್ಥವಾದರೂ, ಬೀದಿಯಲ್ಲಿ ಆ ಮಾತು ಹೇಗೆ ಕೇಳಿಸುತ್ತದೆಂದು ಹೇಳಬೇಕಾಗಿಲ್ಲ. ಸೂತ್ರ ಇಬ್ಬರ ಮಾತನ್ನೂ ಕೈಬಿಟ್ಟಿತು: ಸತ್ಕಾರ್ಯಗಳು ಅವಶ್ಯ, ಆದರೆ 'ರಕ್ಷಣೆಗೆ' ಎಂಬ ಚತುರ್ಥಿ ವಿಭಕ್ತಿ ಅಲ್ಲಿರಬಾರದು.

ಆರನೆಯ ಹೆಜ್ಜೆ: ಮೂರನೆಯ ಉಪಯೋಗದ ಪ್ರಶ್ನೆ

ಧರ್ಮಶಾಸ್ತ್ರಕ್ಕೆ ಮೂರು ಉಪಯೋಗಗಳನ್ನು ಎಣಿಸುವುದು ವಾಡಿಕೆ: ಸಮಾಜದಲ್ಲಿ ದುಷ್ಟತನಕ್ಕೆ ಹಾಕುವ ಲಗಾಮು, ಪಾಪವನ್ನು ತೋರಿಸುವ ಕನ್ನಡಿ, ನಂಬಿದವನ ಬಾಳಿಗೆ ದಾರಿ ತೋರಿಸುವ ಕಟ್ಟಳೆ. ಮೊದಲ ಎರಡರ ಬಗ್ಗೆ ತಕರಾರಿಲ್ಲ. ಮೂರನೆಯದನ್ನು ಸೂತ್ರದ ಆರನೆಯ ಪ್ರಕರಣ ಎತ್ತಿಹಿಡಿಯುತ್ತದೆ. ನಂಬಿದವನು ಹೊಸದಾಗಿ ಹುಟ್ಟಿದವನಾಗಿರುವಷ್ಟರ ಮಟ್ಟಿಗೆ ಬಲವಂತವಿಲ್ಲದೆ ನಡೆಯುತ್ತಾನೆ, ಹಳೆಯ ಆದಾಮನು, ಅಂದರೆ ಪಾಪಸ್ವಭಾವ, ಅವನಲ್ಲಿ ಉಳಿದಿರುವಷ್ಟರ ಮಟ್ಟಿಗೆ ಧರ್ಮಶಾಸ್ತ್ರ ಬೇಕು ಎನ್ನುತ್ತದೆ. ಇಪ್ಪತ್ತನೆಯ ಶತಮಾನದಲ್ಲಿ ಜರ್ಮನಿಯ ವೆರ್ನರ್ ಎಲೆರ್ಟ್, ಅಮೆರಿಕದ ಗೆರ್ಹಾರ್ಡ್ ಫೋರ್ಡೆ ಮೊದಲಾದವರು, ಧರ್ಮಶಾಸ್ತ್ರ ಯಾವಾಗಲೂ ಆಪಾದಿಸುತ್ತದೆ ಎಂಬ ಸಮರ್ಥನೆಯ ಮಾತನ್ನು ಮುಂದಿಟ್ಟು, ಆಪಾದಿಸದೆ ಬರಿದೇ ದಾರಿ ತೋರಿಸುವ ಧರ್ಮಶಾಸ್ತ್ರ ಎಲ್ಲಿದೆಯೆಂದು ಕೇಳಿದರು. ಆ ಪ್ರಶ್ನೆಗೆ ತೂಕವಿದೆ. ಆದರೆ ಆರನೆಯ ಪ್ರಕರಣವನ್ನು ನಿಧಾನವಾಗಿ ಓದಿದರೆ, ಅದೂ ಆಪಾದಿಸದ ಧರ್ಮಶಾಸ್ತ್ರದ ಬಗ್ಗೆ ಮಾತಾಡುತ್ತಿಲ್ಲವೆಂದು ನನಗೆ ತೋರುತ್ತದೆ. ಒಂದೇ ವಾಕ್ಯ ಕನ್ನಡಿಯೂ ಕಟ್ಟಳೆಯೂ ಆಗುತ್ತದೆ, ಯಾವಾಗ ಯಾವುದಾಗಬೇಕೆಂಬುದು ಪ್ರಸಂಗಿಯ ಹಿಡಿತದಲ್ಲಿಲ್ಲ.

ಏಳನೆಯ ಹೆಜ್ಜೆ: ಲೋಕಕ್ಕೆಲ್ಲ ಬಿಡುಗಡೆಯ ತೀರ್ಪು ಆಗಿದೆಯೇ?

ಅರಿಕೆನಿಷ್ಠರ ನಡುವೆಯೇ ಇಂದಿಗೂ ಬಿಸಿಯಾಗಿರುವ ವಾದವಿದು. ಕ್ರಿಸ್ತನ ಪುನರುತ್ಥಾನದಲ್ಲಿ ದೇವರು ಇಡೀ ಲೋಕವನ್ನು ಪಾಪದಿಂದ ಬಿಡುಗಡೆಯಾದದ್ದೆಂದು ಆಗಲೇ ಘೋಷಿಸಿದ್ದಾನೆ, ನಂಬಿಕೆ ಆ ತೀರ್ಪನ್ನು ಕೈಚಾಚಿ ಪಡೆಯುತ್ತದೆ ಎಂಬುದನ್ನು ವಸ್ತುನಿಷ್ಠ ಅಥವಾ ಸಾರ್ವತ್ರಿಕ ನೀತೀಕರಣ ಎನ್ನುತ್ತಾರೆ. ವಾಲ್ಥರನ ಪರಂಪರೆಯಲ್ಲಿ ಇದು ಮುಖ್ಯ ಬೋಧನೆ. ರೋಮಾಪುರದವರಿಗೆ 4:25 ಮತ್ತು 5:18, ಕೊರಿಂಥದವರಿಗೆ ಬರೆದ ಎರಡನೆಯ ಪತ್ರಿಕೆಯ 5:19 ಇದಕ್ಕೆ ಆಧಾರ. ವಿರೋಧಿಸುವ ಲೂಥರನರು ಹೇಳುವುದು: ಆಗ್ಸ್‌ಬರ್ಗ್ ಅರಿಕೆ 'ನಂಬುವಾಗ' ಎನ್ನುತ್ತದೆ, ಕ್ರಿಸ್ತನು ಎಲ್ಲರಿಗಾಗಿ ಸತ್ತದ್ದು ನಿಜ, ಆದರೆ ನೀತೀಕರಣ ಎಂಬ ಹೆಸರು ನಂಬಿದವನಿಗೆ ಆಗುವುದಕ್ಕೆ ಸಲ್ಲಬೇಕು. 1590ರ ದಶಕದಲ್ಲಿ ವಿಟ್ಟನ್‌ಬರ್ಗಿನಲ್ಲಿ ಸಾಮುವೆಲ್ ಹೂಬರ್ ಸಾರ್ವತ್ರಿಕತೆಯನ್ನು ಅತಿಗೆ ಒಯ್ದಾಗ ಎಗಿಡಿಯಸ್ ಹುನ್ನಿಯಸ್ ಅದನ್ನು ಖಂಡಿಸಿದ್ದನ್ನು ಅವರು ನೆನಪಿಸುತ್ತಾರೆ.

ಈ ವಾದವನ್ನು ಓದುವಾಗ ಎರಡು ಪ್ರಶ್ನೆಗಳನ್ನು ಬೇರೆಬೇರೆಯಾಗಿ ಇಟ್ಟುಕೊಳ್ಳಿರಿ. ತೀರ್ಪು ನನ್ನ ನಂಬಿಕೆಗಿಂತ ಮೊದಲೇ ನನ್ನ ಹೊರಗೆ ಇದೆಯೇ ಎಂಬುದು ಒಂದು. ನಂಬದವನನ್ನೂ ನೀತಿವಂತನೆಂದು ಕರೆಯಬಹುದೇ ಎಂಬುದು ಇನ್ನೊಂದು. ಮೊದಲನೆಯದಕ್ಕೆ ಇಲ್ಲ ಎಂದರೆ ನಂಬಿಕೆಯೇ ತೀರ್ಪನ್ನು ಹುಟ್ಟಿಸುವ ಕೃತ್ಯವಾಗುವ ಅಪಾಯವಿದೆ. ಎರಡನೆಯದಕ್ಕೆ ಎಚ್ಚರವಿಲ್ಲದೆ ಹೌದೆಂದರೆ ನಾಲ್ಕನೆಯ ಪ್ರಕರಣದ 'ನಂಬಿಕೆಯ ಮೂಲಕ' ಎಂಬ ಮಾತಿಗೆ ಕೆಲಸವೇ ಉಳಿಯುವುದಿಲ್ಲ. ಎರಡೂ ಕಡೆಯ ಜಾಣ ಲೇಖಕರು ಈ ಎರಡು ಗುಂಡಿಗಳನ್ನೂ ಬಲ್ಲರು. ಜಾಣರಲ್ಲದವರು ಎದುರಾಳಿಯನ್ನು ಆ ಗುಂಡಿಗಳಲ್ಲಿ ಕಲ್ಪಿಸಿಕೊಂಡು ಕಲ್ಲೆಸೆಯುತ್ತಾರೆ.

ಎಂಟನೆಯ ಹೆಜ್ಜೆ: ರೋಮಿನೊಂದಿಗಿನ ವಾದ

ಇದನ್ನು ಕೊನೆಗಿಟ್ಟದ್ದು ಉದ್ದೇಶಪೂರ್ವಕವಾಗಿ, ಏಕೆಂದರೆ ಮೊದಲೇ ಇಲ್ಲಿಗೆ ಬಂದವರು ಘೋಷಣೆಗಳಲ್ಲಿಯೇ ಉಳಿದುಬಿಡುತ್ತಾರೆ. ಕಥೋಲಿಕ ಸಭೆಯ ಟ್ರೆಂಟ್ ಮಹಾಸಭೆ 1547ರ ಜನವರಿ 13ರಂದು ಹೊರಡಿಸಿದ ನಿರ್ಣಯದ ಏಳನೆಯ ಅಧ್ಯಾಯವನ್ನು ಓದಿರಿ: ನೀತೀಕರಣ ಪಾಪಕ್ಷಮೆ ಮಾತ್ರವಲ್ಲ, ಒಳಮನುಷ್ಯನ ಪವಿತ್ರೀಕರಣ ಮತ್ತು ನವೀಕರಣವೂ ಹೌದು ಎಂದು ಅದು ಹೇಳುತ್ತದೆ. ಮೊದಲ ಹೆಜ್ಜೆಯ 'ನೆಂದು', 'ನನ್ನಾಗಿ' ಇಲ್ಲಿ ಕೈಗೆ ಸಿಗುತ್ತವೆ. ಆಮೇಲೆ ಮಾರ್ಟಿನ್ ಕೆಮ್ನಿಟ್ಸ್ 1565ರಿಂದ 1573ರವರೆಗೆ ನಾಲ್ಕು ಭಾಗಗಳಲ್ಲಿ ಬರೆದ ಟ್ರೆಂಟ್ ಪರಿಶೀಲನೆಯಲ್ಲಿ ನೀತೀಕರಣದ ಭಾಗವನ್ನು ನೋಡಿರಿ. ಎದುರಾಳಿಯ ಮಾತನ್ನು ಮೊದಲು ಪೂರ್ತಿ ಉದ್ಧರಿಸಿ, ಬಳಿಕವೇ ಉತ್ತರಿಸುವ ಅವನ ಪದ್ಧತಿ ಈಗಿನವರೂ ಅನುಸರಿಸಬೇಕಾದದ್ದು.

1999ರ ಅಕ್ಟೋಬರ್ 31ರಂದು ಆಗ್ಸ್‌ಬರ್ಗಿನಲ್ಲಿಯೇ ಲೂಥರನ್ ವಿಶ್ವ ಒಕ್ಕೂಟ ಮತ್ತು ಕಥೋಲಿಕ ಸಭೆ ನೀತೀಕರಣದ ಬಗ್ಗೆ ಜಂಟಿ ಘೋಷಣೆಗೆ ಸಹಿ ಹಾಕಿದವು. ಮೂಲಭೂತ ಸತ್ಯಗಳಲ್ಲಿ ಒಮ್ಮತವಿದೆಯೆಂದು ಅದು ಹೇಳುತ್ತದೆ. 2006ರಲ್ಲಿ ಮೆಥೊಡಿಸ್ಟರೂ ಅದನ್ನು ಒಪ್ಪಿದರು. ಒಕ್ಕೂಟದ ಹೊರಗಿದ್ದ ಮಿಸ್ಸೂರಿ ಸಿನಡ್ ಅದನ್ನು ಒಪ್ಪಲಿಲ್ಲ. ಜರ್ಮನಿಯ ನೂರಕ್ಕೂ ಹೆಚ್ಚು ಪ್ರಾಧ್ಯಾಪಕರು ಸಹಿಗೆ ಮೊದಲೇ ಲಿಖಿತವಾಗಿ ಆಕ್ಷೇಪಿಸಿದ್ದರು. ಘೋಷಣೆಯ 28ರಿಂದ 30ರವರೆಗಿನ ಪರಿಚ್ಛೇದಗಳನ್ನು ಓದಿದರೆ ತಕರಾರಿನ ಜಾಗ ಕಾಣುತ್ತದೆ. ನಂಬಿದವನು ಏಕಕಾಲಕ್ಕೆ ನೀತಿವಂತನೂ ಪಾಪಿಯೂ ಎಂದು ಲೂಥರನರು ಹೇಳುವಲ್ಲಿ, ಅವನಲ್ಲಿ ಉಳಿದಿರುವ ಪಾಪದ ಕಡೆಗಿನ ಒಲವು ನಿಜವಾದ ಅರ್ಥದಲ್ಲಿ ಪಾಪವಲ್ಲವೆಂದು ಕಥೋಲಿಕರು ಹೇಳುತ್ತಾರೆ. ಎರಡು ಮಾತುಗಳನ್ನೂ ಪಕ್ಕಪಕ್ಕದಲ್ಲಿಟ್ಟು ಒಮ್ಮತವೆಂದು ಕರೆಯಬಹುದೇ ಎಂಬುದನ್ನು ಓದುಗರು ತಾವೇ ತೂಗಿ ನೋಡಬೇಕು. ನನಗೆ ಅದು ಒಮ್ಮತಕ್ಕಿಂತ ಮರ್ಯಾದೆಯಿಂದ ಹಾಕಿದ ಗಡಿರೇಖೆಯಂತೆ ಕಾಣುತ್ತದೆ.

ಇಷ್ಟಾದ ಮೇಲೆ ಏನು ಓದಬೇಕೆಂದರೆ, ವಾಲ್ಥರನ ಉಪನ್ಯಾಸಗಳು. ಅವನು ಅವುಗಳನ್ನು ಶುಕ್ರವಾರದ ಸಂಜೆಗಳಲ್ಲಿ ವಿದ್ಯಾರ್ಥಿಗಳಿಗೆ ಕೊಟ್ಟನು. ಒಟ್ಟು 39 ಉಪನ್ಯಾಸಗಳಿವೆ. ವಾರಕ್ಕೊಂದರಂತೆ ಓದಿದರೆ ಒಂಬತ್ತು ತಿಂಗಳು ಹಿಡಿಯುತ್ತದೆ. ಪ್ರತಿ ವಾರವೂ ಆ ಭಾನುವಾರ ತಾವು ಕೇಳಿದ ಪ್ರಸಂಗದಿಂದ ಒಂದೇ ಒಂದು ವಾಕ್ಯವನ್ನು ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಂಡು, ಅದರ ಎದುರಿಗೆ ಧರ್ಮಶಾಸ್ತ್ರವೆಂದೋ ಸುವಾರ್ತೆಯೆಂದೋ ಗುರುತು ಹಾಕಿರಿ; ಹಾಕಲಾಗದ ವಾಕ್ಯಗಳನ್ನು ಪುಸ್ತಕದ ಕೊನೆಯ ಪುಟಗಳಲ್ಲಿ ಬೇರೆಯಾಗಿ ಬರೆದಿಡಿರಿ.